ಚೌಡಾಪುರದ ದಾರಿಯಲ್ಲಿ ಹರಿದ ಬೆಲ್ಟು

ಎಂಬತ್ತರ ದಶಕದಲ್ಲಿ ಅಣ್ಣನೂ ನಾನೂ ಸೇರಿ ಒಂದು ಹಳೆಯ ಡೀಸೆಲ್ ಕಾರು ಓಡಿಸುತ್ತಿದ್ದೆವು. ಆಳಂದ, ಅಫಜಲಪುರ, ಜೇವರ್ಗಿ, ಎಲ್ಲಿಗೆ ಬಾಡಿಗೆ ಸಿಕ್ಕರೆ ಅಲ್ಲಿಗೆ. ಒಂದು ದಿನ ಅವನ ಪಾಳಿ, ಒಂದು ದಿನ ನನ್ನದು. ನನ್ನ ಪಾಳಿಯಲ್ಲಿ ಆಯಿಲ್ ಕಡ್ಡಿ ಎಳೆದು ನೋಡುತ್ತಿದ್ದೆ, ಏರ್ ಫಿಲ್ಟರಿನ ಎರೆಮಣ್ಣಿನ ಧೂಳು ಬಡಿದು ತೆಗೆಯುತ್ತಿದ್ದೆ, ಗಾಲಿಗಳ ಗಾಳಿ ನೋಡುತ್ತಿದ್ದೆ. ಅಷ್ಟು ಮಾಡಿದರೆ ಡೀಸೆಲ್ ಉಳಿಯುತ್ತಿತ್ತು. ಅಣ್ಣನ ಪಾಳಿಯಲ್ಲಿ ಉಳಿಯುತ್ತಿರಲಿಲ್ಲ. ಹಾಗೆಂದಾಗಲೆಲ್ಲ ಏಟು ಬೀಳುತ್ತಿತ್ತು. ಅಪ್ಪ ತೀರಿದ ಮೇಲೆ ಮನೆಯಲ್ಲಿ ಹೊಡೆಯುವ ಹಕ್ಕು ಅವನಿಗೆ ಬಂದಿತ್ತು. ಗಾಡಿಯ ಸಾಮಾನಿಗೆ ರೊಕ್ಕ ಬಿಚ್ಚಬೇಕಾದವನೂ ಅವನೇ. ನನಗೆ ಇಪ್ಪತ್ತಾರು ತುಂಬಿದ್ದರೂ ಹೆಂಡತಿಯ ಎದುರೇ ಕಪಾಳಕ್ಕೆ ಬಾರಿಸುತ್ತಿದ್ದ.

ಆ ಬೇಸಿಗೆಯ ದಿನ ಪಾಳಿ ಅವನದು. ನಿಂಬರ್ಗಾದ ಮುದುಕಿ ಮತ್ತು ಅವಳ ಮಗಳನ್ನು ಗಾಣಗಾಪುರಕ್ಕೆ ಬಿಡಬೇಕಿತ್ತು. ನನಗೂ ಆ ಕಡೆ ಕೆಲಸವಿದ್ದುದರಿಂದ ಅವನ ಪಕ್ಕ ಕೂತೆ.

"ಫ್ಯಾನ್ ಬೆಲ್ಟ್ ಬದಲಿ ಮಾಡಿದೇನಣ್ಣಾ?"

"ಗಾಡಿ ನಿನ್ನ ಹೆಂಡ್ತಿ ಏನಲೇ, ದಿನಾ ಸಿಂಗಾರ ಮಾಡ್ಲಿಕ್ಕ?"

ಚೌಡಾಪುರ ಇನ್ನೂ ಎರಡು ಮೈಲಿ ಇರುವಾಗ ಬಾನೆಟ್ಟಿನಿಂದ ಹಬೆ ಎದ್ದು ಎಂಜಿನ್ ನಿಂತಿತು. ಇಳಿದು ಬಾನೆಟ್ ಎತ್ತಿದೆ. ಎಂಜಿನ್ ತಣಿಸುವ ಫ್ಯಾನಿನ ಬೆಲ್ಟು ಹರಿದು ನೇತಾಡುತ್ತಿತ್ತು.

"ಹದಿನೈದು ದಿನದಿಂದ ಹೇಳಾಕತ್ತೇನಿ," ಎಂದೆ.

ಅವನು ನಟ್ಟು ಬಿಚ್ಚುವ ಕಬ್ಬಿಣದ ಪಾನಾ ತೆಗೆದು ನನ್ನ ಬಾಯಿಗೆ ಬೀಸಿದ. ಎರಡು ಹಲ್ಲು ಮುರಿದು ಬಾಯಲ್ಲಿ ಉಳಿದವು. ಅಲ್ಲಿಯವರೆಗೆ ನಾನು ಅವನ ಮೇಲೆ ಕೈ ಎತ್ತಿರಲಿಲ್ಲ. ಅಂದು ಕೊರಳಪಟ್ಟಿ ಹಿಡಿದು ಕಾರಿನ ಬಾಗಿಲಿಗೆ ಅಪ್ಪಳಿಸಿದೆ. ಬಿದ್ದವನ ಪಕ್ಕೆಗೆ ಒದ್ದೆ, ಮತ್ತೆ ಒದ್ದೆ. ಒದೆಯುವುದರಲ್ಲಿ ಒಂದು ಸುಖವಿತ್ತು.

"ಬಿಡೋ ಯಪ್ಪಾ, ಸಾಯ್ತಾನ," ಎಂದು ಮುದುಕಿ ನನ್ನ ಅಂಗಿ ಜಗ್ಗಿದಳು.

ಅಣ್ಣ ಎದ್ದ. ನನ್ನತ್ತ ಬರಲಿಲ್ಲ. ಸಿಟ್ಟನ್ನೆಲ್ಲ ಗಾಡಿಯ ಮೇಲೆ ತೀರಿಸುವವನಂತೆ ವಸ್ತ್ರವನ್ನು ಕೈಗೆ ಸುತ್ತಿ ರೇಡಿಯೇಟರಿನ ಮುಚ್ಚಳ ಹಿಡಿದ. ಕಾದಾಗ ಅದನ್ನು ತೆರೆಯಬಾರದೆಂದು ಅವನಿಗೆ ಗೊತ್ತಿತ್ತು, ಸಿಟ್ಟಿನಲ್ಲಿ ಮರೆತಿದ್ದ. ನಾನು ಮರೆತಿರಲಿಲ್ಲ. ಬೇಡ ಎನ್ನಲು ಸಾಕಷ್ಟು ಹೊತ್ತಿತ್ತು. ರಕ್ತ ಉಗುಳುತ್ತ ನೋಡುತ್ತ ನಿಂತೆ.

ಕುದಿನೀರು ಅವನ ಮುಖಕ್ಕೆ, ಎದೆಗೆ ಚಿಮ್ಮಿತು. ಅಂಗಿ ಬಿಚ್ಚುವಾಗ ತೊಗಲೂ ಜೊತೆಗೆ ಬಂತು. ಮುದುಕಿಯ ಮಗಳು ತಾವು ಕುಡಿಯಲು ತಂದ ನೀರನ್ನೆಲ್ಲ ಅವನ ಮೇಲೆ ಸುರಿದಳು. ಒಂದು ಲಾರಿ ನಮ್ಮನ್ನು ಆಸ್ಪತ್ರೆಗೆ ಮುಟ್ಟಿಸಿತು. ಅವನ ಎಡಗಣ್ಣು ಹೋಯಿತು.

ಬಾಯಿ ತುಂಬ ರಕ್ತವಿತ್ತು, ಕೂಗಲು ಆಗಲಿಲ್ಲ ಎಂದು ಅವ್ವನಿಗೂ ಅತ್ತಿಗೆಗೂ ಹೇಳಿದೆ. ನಂಬಿದರು. ಎಂಜಿನ್ ಬಿಚ್ಚಿಸಿ ರಿಪೇರಿ ಮಾಡಿಸಿ ಆ ಗಾಡಿಯನ್ನು ಮುಂದೆ ಒಂಬತ್ತು ವರ್ಷ ಒಬ್ಬನೇ ಓಡಿಸಿದೆ. ಅಣ್ಣ ಮನೆ ಹಿಡಿದ. ನನ್ನನ್ನು ಬೈಯಲೂ ಇಲ್ಲ, ಹೊಡೆಯಲೂ ಇಲ್ಲ. ಅದನ್ನು ತಾಳಿಕೊಳ್ಳುವುದು ಏಟಿಗಿಂತ ಕಷ್ಟವಾಯಿತು.

ಕೊನೆಗೊಂದು ಮಧ್ಯಾಹ್ನ, ಜೊತೆಗೆ ಉಣ್ಣುವಾಗ, ಹೇಳಿಬಿಟ್ಟೆ. "ಅವತ್ತ ನನಗ ಕೂಗಾಕ ಬರ್ತಿತ್ತಣ್ಣಾ. ಕೂಗಲಿಲ್ಲ."

ಅವನು ರೊಟ್ಟಿ ಮುರಿಯುತ್ತಲೇ ಇದ್ದ. "ಗೊತ್ತದ. ಮುಚ್ಚಳ ತಿರುವೋ ಮುಂದ ನಿನ್ನ ಮುಖಾ ನೋಡಿದ್ದೆ."

ಆಮೇಲೆ ತಾಟು ಎತ್ತಿ ಎಸೆದ. ನನ್ನ ಹುಬ್ಬು ಒಡೆಯಿತು. ಸದ್ದಿಗೆ ಅತ್ತಿಗೆ ಓಡಿ ಬಂದಳು.

"ಅವಗ ಅರಿಶಿಣ ಹಚ್ಚು," ಎಂದು ಅವಳಿಗೆ ಹೇಳಿ ಅಣ್ಣ ಕೈ ತೊಳೆಯಲು ಎದ್ದ.