ಮನೆಯಲ್ಲಿ ಕೇಳದ ಪ್ರಶ್ನೆ

ಸರ್ ಯಾವ ಅಂಗಿ ಹಾಕಿಕೊಂಡು ಬಂದರೂ ಎಡಹೆಗಲ ಮೇಲೆ ಅಂಗೈ ಅಗಲದ ಕೊಬ್ಬರಿ ಎಣ್ಣೆಯ ಕಲೆ ಇರುತ್ತಿತ್ತು. ಅದು ಅವರ ಹೆಂಡತಿಯ ತಲೆ ಒರಗುವ ಜಾಗ ಎಂದು ತಿಳಿದದ್ದು ನಾನು ಪುಣೆಯ ನಿಗಡಿಯಲ್ಲಿದ್ದ ಅವರ ಮನೆಗೆ ಮೊದಲ ಸಲ ಹೋದಾಗ. ಸರ್ ಹೆಂಡತಿಯನ್ನು ನಾನು ಮರಾಠಿ ರೂಢಿಯಂತೆ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಸಂಧಿವಾತದಿಂದ ಕೈಕಾಲು ಸೊಟ್ಟಗಾಗಿ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದರು. ಸರ್ ದಿನಾ ಬೆಳಿಗ್ಗೆ ಅವರನ್ನು ಅಪ್ಪಿ ಎತ್ತಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ತಲೆ ಬಾಚಿ, ಆಮೇಲೆ ಕೆಲಸಕ್ಕೆ ಬರುತ್ತಿದ್ದರು. ಮಕ್ಕಳಿರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ, ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮುಗಿಸಿ ನಾನು ಒಂದು ಆರೋಗ್ಯ ಸಂಶೋಧನಾ ಸಂಸ್ಥೆಯಲ್ಲಿ ಸರ್ ಕೈಕೆಳಗೆ ಸೇರಿದೆ. ಸರ್ ಗದಗಿನ ಕಡೆಯವರು, ನಾವು ವಿಜಾಪುರದವರು. ಆಫೀಸಿನಲ್ಲಿ ಮರಾಠಿ, ಇಬ್ಬರೇ ಇದ್ದಾಗ ಕನ್ನಡ. ನಮ್ಮ ಕೆಲಸ ವಿಚಿತ್ರವಾದದ್ದು. ಮನೆಮನೆಗೆ ಹೋಗಿ ಕೇಳಬೇಕು: ನಡೆಯಲಾಗದೆ, ಸ್ನಾನಕ್ಕೂ ಇನ್ನೊಬ್ಬರ ಕೈ ಬೇಕಾಗಿ, ನೋವಿನಲ್ಲಿ ಹತ್ತು ವರ್ಷ ಬದುಕುವುದು ಒಂದು ಕಡೆ, ಪೂರ್ತಿ ಆರೋಗ್ಯವಾಗಿ ಅದಕ್ಕಿಂತ ಕಡಿಮೆ ವರ್ಷ ಬದುಕುವುದು ಇನ್ನೊಂದು ಕಡೆ. ಆ ಆರೋಗ್ಯಕ್ಕಾಗಿ ಎಷ್ಟು ವರ್ಷ ಬಿಟ್ಟುಕೊಡುತ್ತೀರಿ? ಹೀಗೆ ಕೆಲವು ಸ್ಥಿತಿಗಳ ಬಗ್ಗೆ ಜನರ ಮನಸ್ಸು ತಿಳಿದು, ಉಳಿದ ಸ್ಥಿತಿಗಳ ಬೆಲೆಯನ್ನು ಸಮೀಕರಣದಿಂದ ಅಂದಾಜು ಮಾಡಬೇಕು. ಪೂರ್ಣ ಆರೋಗ್ಯಕ್ಕೆ ಒಂದು, ಸಾವಿಗೆ ಸೊನ್ನೆ. ಯಾವ ಚಿಕಿತ್ಸೆ ಜನರ ಬದುಕನ್ನು ಎಷ್ಟು ಹಸನು ಮಾಡುತ್ತದೆ ಎಂದು ತೂಗಿ ನೋಡಲು ಈ ಅಂಕಿಗಳು ಬೇಕಾಗುತ್ತವೆ.

ದೇಹೂ ರೋಡಿನ ಒಂದು ಮನೆಯಲ್ಲಿ ಮುದುಕಿಯೊಬ್ಬಳು ಪ್ರಶ್ನೆ ಕೇಳಿಸಿಕೊಂಡು ಸುಮ್ಮನಾದಳು. ಅರ್ಥವಾಗಲಿಲ್ಲವೇನೋ ಎಂದು ನಾನು ಮತ್ತೆ ಓದಲು ಹೊರಟೆ. ಸರ್ ಕಣ್ಣಿನಲ್ಲೇ ತಡೆದರು. ಹೊರಗೆ ಬಂದ ಮೇಲೆ ಹೇಳಿದರು: "ಅವಸರ ಮಾಡಬ್ಯಾಡ, ತಂಗಿ. ಅಕಿ ತನ್ನ ಸಾವಿನ ವಿಚಾರ ಮಾಡಾಕತ್ತಿದ್ಲು."

ಲೆಕ್ಕ ಮುಗಿದಾಗ ಎಲ್ಲಕ್ಕಿಂತ ಕೆಟ್ಟ ಸ್ಥಿತಿಯ ಬೆಲೆ ಸೊನ್ನೆಗಿಂತ ಕೆಳಗೆ ಬಂತು. ಅಂದರೆ ಅದಕ್ಕಿಂತ ಸಾವೇ ವಾಸಿ ಎಂದು ಜನ ಹೇಳಿದ್ದರು. ಆ ಸ್ಥಿತಿಯ ವಿವರ ಓದಿದರೆ ಕಾಕು ಅವರೇ ಕಣ್ಣ ಮುಂದೆ ಬರುತ್ತಿದ್ದರು. ಸರ್ ಆ ಅಂಕಿಯ ಮೇಲೆ ಬೆರಳಿಟ್ಟರು.

"ಮಂದಿ ಹೇಳಿದ್ದು ಹಂಗ ಇರ್ಲಿ," ಎಂದರು. "ಆದ್ರ ಇವ್ರು ಹೊರಗ ನಿಂತು ಹೇಳೋರು. ಒಳಗಿದ್ದವ್ರಿಗೆ ಬದುಕು ಬಿಡಾಕ ಮನಸ ಬರೂದಿಲ್ಲ."

ಅದನ್ನು ನಾನೂ ನಂಬಿದೆ.

ಮುಂದೊಂದು ಭಾನುವಾರ ಮಧ್ಯಾಹ್ನ ಅವರ ಮನೆಯಲ್ಲಿ ಈ ಕೆಲಸದ ಮಾತೇ ನಡೆದಿತ್ತು. ಕುರ್ಚಿಯಲ್ಲಿದ್ದ ಕಾಕು ನಡುವೆ ಬಾಯಿ ಹಾಕಿದರು.

"ಪುಣೆ ಮಂದಿಗೆಲ್ಲಾ ಕೇಳೀರಿ. ನನಗೂ ಒಮ್ಮೆ ಕೇಳ್ರಿ."

"ನಿನಗ್ಯಾಕ ಬೇಕು ಅದು?" ಎಂದು ಸರ್ ನಕ್ಕರು.

"ಕೇಳ್ರಿ ಅಂದೆ."

ಪ್ರಶ್ನೆ ಸರ್‌ಗೆ ಬಾಯಿಪಾಠವಾಗಿತ್ತು. ಆದರೂ "ಹತ್ತು ವರ್ಷ ಹಿಂಗ..." ಎಂದು ನಿಲ್ಲಿಸಿ ಕಾಕು ಅವರ ಸೆರಗು ಸರಿಮಾಡಿದರು. ಹೇಗೋ ಮುಗಿಸಿದರು. ಕಾಕು ಕಿಟಕಿಯ ಕಡೆ ನೋಡುತ್ತ ಕುಳಿತರು. ಪಕ್ಕದ ಮನೆಯ ಕುಕ್ಕರ್ ಕೂಗಿ ನಿಂತಿತು.

"ಆರಾಮ ಇರೂದಾದ್ರ ಒಂದ ವರ್ಷ ಸಾಕ್ರಿ. ಉಳದದ್ದೆಲ್ಲಾ ಬಿಟ್ಟು ಕೊಡ್ತೀನಿ."

"ಖರೇನ?"

"ನನ್ನ ಮೈಮ್ಯಾಲೆ ನಾನ ನೀರ ಹಾಕ್ಕೊಂಡು, ನಿಮಗ ಬಿಸಿ ರೊಟ್ಟಿ ಬಡದು..." ಅಷ್ಟಕ್ಕೆ ನಿಲ್ಲಿಸಿದರು. ಸರ್ ಮುಖ ನೋಡಿ ಮೆಲ್ಲಗೆ ಹೇಳಿದರು: "ನೀವು ಏನೂ ಕಮ್ಮಿ ಮಾಡಿಲ್ರಿ. ನೋವು ಭಾಳ ಅದ. ಹೇಳಿದ್ರ ಕುಗ್ಗತೀರಿ ಅಂತ ಹೇಳಿರಲಿಲ್ಲ."

ಸರ್ ಎದ್ದು ಒಳಗೆ ಹೋದರು. ಅಡಿಗೆಮನೆಯಲ್ಲಿ ನಲ್ಲಿ ಸುಮ್ಮನೆ ಸುರಿಯುತ್ತಿತ್ತು. ಕೊನೆಗೆ ಚಹಾ ತಂದು ಕಾಕು ತುಟಿಗೆ ಹಿಡಿದರು. ತುಸು ಚಹಾ ಕಾಕು ಅವರ ಗದ್ದದ ಮೇಲೆ ಚೆಲ್ಲಿತು. ತಮ್ಮ ಅಂಗಿಯ ತುದಿಯಿಂದಲೇ ಒರೆಸಿದರು.

ಮರುದಿನವೇ ನೋವಿಗೆಂದೇ ಬೇರೆ ಡಾಕ್ಟರರನ್ನು ಕರೆಸಿದರು. ನಾನೂ ಇದ್ದೆ. ಇಷ್ಟು ನೋವಿದೆ ಎಂದು ಮೊದಲೇ ಯಾಕೆ ಹೇಳಲಿಲ್ಲ ಎಂದು ಡಾಕ್ಟರು ಕಾಕುವನ್ನು ಮರಾಠಿಯಲ್ಲಿ ಕೇಳಿದರು. ಸರ್ ಅಡ್ಡಬಂದು, "ಅವಳದೇನೂ ತಪ್ಪಿಲ್ಲ, ನಾನೇ ಕೇಳಲಿಲ್ಲ," ಎಂದರು. ಹೊಸ ಔಷಧಿ ಹಿಡಿಸಿತು. ಆದರೆ ಆ ಚಳಿಗಾಲ ಮುಗಿಯುವುದರೊಳಗೆ ಕಾಕು ತೀರಿಕೊಂಡರು.

"ಕಡೀಕ ಕಡೀಕ ಛಂದ ನಿದ್ದಿ ಮಾಡಿದ್ಲು, ತಂಗಿ," ಎಂದರು ಸರ್. "ನಾ ಮೊದಲ ಕೇಳಿದ್ರ..." ಆ ಮಾತನ್ನು ಅವರು ಯಾವತ್ತೂ ಪೂರ್ತಿ ಮಾಡಲಿಲ್ಲ.

ಅವರು ನಿವೃತ್ತರಾದರು. ನಮ್ಮ ಆಫೀಸು ಊರಿನ ಇನ್ನೊಂದು ತುದಿಯ ಖರಾಡಿಗೆ ಹೋಯಿತು. ಹೊಸ ಹುಡುಗರು ನಾವು ದಿನಗಟ್ಟಲೆ ಮಾಡುತ್ತಿದ್ದ ಲೆಕ್ಕವನ್ನು ಚಹಾ ಆರುವುದರೊಳಗೆ ಮುಗಿಸುತ್ತಿದ್ದರು. ಕೆಲವು ವರ್ಷಗಳ ಮೇಲೆ ಸರ್ ಆಸ್ಪತ್ರೆ ಸೇರಿದ ಸುದ್ದಿ ಬಂತು. ಹೋದೆ. ಮೈ ಹಗ್ಗದಂತಾಗಿತ್ತು. ಬಂದವರೆಲ್ಲ "ಆರಾಮ ಆಗ್ತೀರಿ" ಎಂದು ಹೇಳಿ ಹೋಗುತ್ತಿದ್ದರು.

ಎಲ್ಲರೂ ಹೋದ ಮೇಲೆ ಕೇಳಿದೆ: "ಸರ್, ಭಾಳ ನೋಯ್ತದೇನ್ರಿ?"

"ನೋವಿಲ್ಲ," ಎಂದರು. "ಅಂಜಿಕಿ ಅದ."

"ಯಾತರದ್ರಿ?"

"ಅಲ್ಲಿ ಅಕಿ ಸಿಕ್ಕರ, ಏನಂತ ಮಾತಾಡಸ್ಲಿ?"

ಅವರ ಕೈ ಹಿಡಿದುಕೊಂಡು ಕುಳಿತೆ. ಸಂಜೆ ಸರ್ ಕೊನೆಯುಸಿರೆಳೆದ ಮೇಲೆ ನರ್ಸ್ ಬಂದು, ಮೆಲ್ಲಗೆ ನನ್ನ ಬೆರಳು ಬಿಡಿಸಿದಳು.