ಗಂಧ ಹಚ್ಚಿದ ಮೊದಲ ಹಾಳೆ

ಕೊರೊನಾ ಕಳೆದು ಕಾಲೇಜುಗಳು ಮತ್ತೆ ತೆರೆದ ವರ್ಷ ನಡೆದದ್ದಿದು. ನಾನು ಸುರಪುರದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಸಹಾಯಕ. ಮನೆ ರಂಗಂಪೇಟೆಯಲ್ಲಿ. ಇಪ್ಪತ್ತು ವರ್ಷದಿಂದ ಅದೇ ಕುರ್ಚಿ, ಅದೇ ಕಿಟಕಿ. ಹೊಟ್ಟೆಕಿಚ್ಚಿನ ಕತೆಯನ್ನು ಯಾರೂ ತಾವಾಗಿ ಹೇಳಿಕೊಳ್ಳುವುದಿಲ್ಲ. ಒಳಗಿಟ್ಟುಕೊಂಡು ಸಾಕಾಗಿದೆ, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮಲ್ಲಿ ಒಂದು ಅಲಮಾರಿ ತುಂಬ ಹಳೆಯ ಧಾರ್ಮಿಕ ಪುಸ್ತಕಗಳಿವೆ. ಮನೆಯಲ್ಲಿಟ್ಟರೆ ಗೆದ್ದಲು ತಿನ್ನುತ್ತದೆಂದು ಸುತ್ತಲಿನ ಹಳ್ಳಿಯವರು ಕೊಟ್ಟವು. ಗೋಗಿಯ ನಾಗಮ್ಮ ಎಂಬ ಮುದುಕಿಯ ಮಾವ ಕೈಯಾರೆ ಬರೆದಿಟ್ಟ ತತ್ವಪದಗಳ ಪುಸ್ತಕವೂ ಅದರಲ್ಲಿದೆ. ಅಲಮಾರಿಯ ಕೀಲಿಕೈ ನನ್ನ ಉಡಿದಾರದಲ್ಲೇ ಇರುತ್ತಿತ್ತು. ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಪ್ರತಿ ಮಹಾನವಮಿಗೆ ಕೆಂಪು ಬಟ್ಟೆ ಬಿಚ್ಚಿ, ಆ ಪುಸ್ತಕದ ಮೊದಲ ಹಾಳೆಗೆ ಗಂಧ, ಕುಂಕುಮ ಹಚ್ಚಿ, ಹೂವಿಟ್ಟು, ಹೂವಿನ ಸಮೇತ ಮತ್ತೆ ಕಟ್ಟಿಡುತ್ತಿದ್ದೆ. ನಾಗಮ್ಮ ಆಗಾಗ ಬಸ್ ಹತ್ತಿ ಬಂದು ಅಲಮಾರಿಯ ಗಾಜಿಗೆ ಹಣೆ ಹಚ್ಚಿ ಹೋಗುತ್ತಿದ್ದಳು. "ಭೀಮಣ್ಣ ಅದಾನ, ನನಗೇನು ಚಿಂತಿಲ್ಲ" ಅನ್ನುತ್ತಿದ್ದಳು. ಆ ಮಾತು ಕೇಳಿದ ದಿನ ನನ್ನ ಕಾಲು ನೆಲದ ಮೇಲೆ ಇರುತ್ತಿರಲಿಲ್ಲ.

ಆ ವರ್ಷ ಗುತ್ತಿಗೆಯ ಮೇಲೆ ಹೊಸ ಗ್ರಂಥಪಾಲಕಿ ಬಂದಳು. ಶಿರವಾಳದ ಹುಡುಗಿ, ಸಾವಿತ್ರಿ. ನನ್ನ ಮಗಳ ವಯಸ್ಸು, ಆದರೆ ನಾನೇ ಮೇಡಂ ಅನ್ನಬೇಕು! ಭಜನೆ ಹಾಡುವ ಅಜ್ಜನಿಂದ ಹಳೆಯ ಕೈಬರಹ ಓದುವುದನ್ನು ಕಲಿತಿದ್ದಳು.

"ಅಣ್ಣಾರ, ಇವನ್ನ ಓದ್ಲಿ ಅಂತ ಬರದಾರ. ಕೀಲಿ ಹಾಕಿಟ್ರ ಯಾರಿಗೆ ಬಂತ್ರಿ?" ಎಂದು ಮೊದಲ ವಾರವೇ ಅಲಮಾರಿ ತೆರೆಸಿದಳು. ಹತ್ತಿಯ ಬಟ್ಟೆಯಿಂದ ಧೂಳು ಒರೆಸಿ, ಬಿಡಿಸಲು ಬಂದ ಹಾಳೆಗಳದೆಲ್ಲ ಫೋಟೊ ತೆಗೆದು, ಹುಡುಗ ಹುಡುಗಿಯರನ್ನು ಸುತ್ತ ಕೂರಿಸಿಕೊಂಡು ಓದತೊಡಗಿದಳು. ಎರಡೇ ತಿಂಗಳು. ಬಾಗಿಲಲ್ಲಿ ಕಾಲಿಟ್ಟವರೆಲ್ಲ "ಮೇಡಂ ಅದಾರೇನ್ರಿ?" ಅನ್ನುವವರೇ. ಚಹಾ ತರುವವನು ಕೂಡ ಮೊದಲ ಕಪ್ಪು ಅವಳ ಮೇಜಿಗೆ ಇಡುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಿನ್ನೆ ಮೊನ್ನೆ ಬಂದವಳು! ಆದರೂ ಅವಳು ಓದುವಾಗ ಪುಸ್ತಕ ಜೋಡಿಸುವ ನೆಪದಲ್ಲಿ ಬೆನ್ನ ಹಿಂದೆ ನಿಂತು, ಆ ಅಕ್ಷರಗಳನ್ನು ಕದ್ದು ಕಲಿತೆ. ಅದೂ ಹೊಟ್ಟೆಕಿಚ್ಚಿನಿಂದಲೇ.

ಒಂದು ದಿನ ನಾಗಮ್ಮ ಬಂದಳು. ಸಾವಿತ್ರಿ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಮಾವನ ಪುಸ್ತಕದ ನಡುವಿನ ಒಂದು ಪದ ಓದಿದಳು. ಮುದುಕಿ ಕಣ್ಣು ಮುಚ್ಚಿ ಜೊತೆಗೇ ಹಾಡಿದಳು. ಇಪ್ಪತ್ತು ವರ್ಷ ಗಾಜಿಗೆ ಹಣೆ ಹಚ್ಚಿದವಳ ಮುಖದಲ್ಲಿ ಅಂಥ ಬೆಳಕು ನಾನು ಕಂಡಿರಲಿಲ್ಲ.

"ಮೊದಲನೇ ಪದ ಓದವ್ವ," ಎಂದು ಬೇಡಿಕೊಂಡಳು. "ನಮ್ಮ ಮಾವ ಅದನ್ನ ಹಾಡೇ ಭಜನಿ ಸುರು ಮಾಡ್ತಿದ್ದ. ನಡುವಿನ ಎರಡು ಸಾಲು ನನಗ ಮರ್ತು ಹೋಗ್ಯಾವ. ನಾ ಸಾಯೂದ್ರೊಳಗ ಮೊಮ್ಮಕ್ಕಳಿಗೆ ಕಲಿಸಬೇಕು."

ಸಾವಿತ್ರಿ ಪುಸ್ತಕ ಮುಚ್ಚಿದಳು. "ಆ ಹಾಳಿ ಸ್ವಲ್ಪ ಸರಿ ಮಾಡೂದದ ಯವ್ವ. ಮುಂದಿನ ಸಲ ಬಾ, ಓದ್ತೀನಿ."

ನೋಡು, ಮುದುಕಿಯನ್ನು ಮತ್ತೆ ಮತ್ತೆ ತನ್ನ ಹತ್ತಿರವೇ ಬರಿಸಿಕೊಳ್ಳುವ ಆಟ ಎಂದುಕೊಂಡೆ.

ಮುಂದಿನ ಸಲ ನಾಗಮ್ಮ ಬಂದಾಗ ಸಾವಿತ್ರಿ ಯಾವುದೋ ಸಭೆಗೆಂದು ಯಾದಗಿರಿಗೆ ಹೋಗಿದ್ದಳು.

"ಆ ಹುಡುಗಿ ಇಲ್ಲೇನು ಭೀಮಣ್ಣ?"

"ಯಾಕ, ನಾ ಇಲ್ಲೇನು? ನಾನೇ ಓದ್ತೀನಿ, ಕೂಡು."

"ನಿನಗ ಬರ್ತದೇನು?" ಎಂದಳು ನಾಗಮ್ಮ. ಅವಳು ಅಚ್ಚರಿಯಿಂದ ಕೇಳಿದ್ದು, ನನಗೆ ಚುಚ್ಚಿದಂತಾಯಿತು. ಪುಸ್ತಕದ ಬಟ್ಟೆ ಬಿಚ್ಚಿದೆ. ಮೊದಲ ಹಾಳೆ ಮೇಲಿನ ರಟ್ಟಿಗೆ ಅಂಟಿಕೊಂಡಿತ್ತು, ಬಿಡಲೊಲ್ಲದು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಆ ಹುಡುಗಿಯ ದಾರಿ ಕಾಯಬೇಕೇ? ಉಗುರು ಹಾಕಿ ಎಳೆದೆ. ಪರ್‍ರೆಂದು ಶಬ್ದವಾಯಿತು. ಹಾಳೆಯ ನಡುವಿನ ತುಂಡು ಒಣಗಿದ ಹೂವಿನ ಜೊತೆ ನನ್ನ ಬೆರಳಿಗೆ ಬಂದು ಪುಡಿಪುಡಿಯಾಯಿತು.

ನಾಗಮ್ಮ ಬೈಯಲಿಲ್ಲ. ಮೇಜಿನ ಮೇಲಿನ ಪುಡಿಯನ್ನು ಸೆರಗಿನ ತುದಿಗೆ ಬಳಿದುಕೊಂಡು ಗಂಟು ಹಾಕಿದಳು.

ಮರುದಿನ ಸಾವಿತ್ರಿಯ ಮುಂದೆ ತಲೆ ತಗ್ಗಿಸಿ ನಿಂತೆ. ಅವಳು ಹಾಳೆಯ ಮೇಲೆ ಬಗ್ಗಿ ಅಂಟಿದ ಜಾಗ ತೋರಿಸಿದಳು. ವರ್ಷವರ್ಷ ಹಚ್ಚಿದ ಹಸಿ ಗಂಧ, ಹಸಿ ಹೂವು, ಕಾಲೇಜು ಮುಚ್ಚಿದ್ದ ದಿನಗಳಲ್ಲಿ ಬಿಚ್ಚದೇ ಉಳಿದು, ಒಣಗಿ ಅಂಟಾಗಿ ಹಾಳೆಯನ್ನು ರಟ್ಟಿಗೆ ಹಿಡಿದಿದ್ದವು. ಅದು ಅವಳಿಗೆ ಮೊದಲ ದಿನವೇ ಗೊತ್ತಿತ್ತಂತೆ.

"ಮತ್ತ ನನಗ್ಯಾಕ ಹೇಳಲಿಲ್ಲ?" ಎಂದು ಸಿಟ್ಟಿನಿಂದಲೇ ಕೇಳಿದೆ.

"ಇಪ್ಪತ್ತು ವರ್ಷ ಕೈ ಮುಗದೀರಿ ಅಣ್ಣಾರ. ನಿಮ್ಮ ಪೂಜಿಯಿಂದ್ಲೇ ಕೆಟ್ಟದ ಅಂತ ಯಾವ ಬಾಯಿಲೆ ಹೇಳ್ಲಿ? ಸಪ್ಪಳಿಲ್ಲದಂಗ ಬಿಡಿಸಿ ಇಡಬೇಕಂತಿದ್ದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಮಾನ ಕಾಯಲು ಹೊರಟಿದ್ದವಳ ಮೇಲೆ ನಾನು ಕತ್ತಿ ಮಸೆಯುತ್ತಿದ್ದೆನಲ್ಲ! ಅವಳ ಒಳ್ಳೆಯತನದ ಮೇಲೂ ಒಂದು ಗಳಿಗೆ ಹೊಟ್ಟೆಕಿಚ್ಚಾಯಿತು ಅಂದರೆ ನಂಬುತ್ತೀರಾ?

ವಾರಗಟ್ಟಲೆ ಇಬ್ಬರೂ ಕೂತು, ತೆಳ್ಳನೆಯ ಬಿದಿರು ಕಡ್ಡಿಯಿಂದ ಕೂದಲೆಳೆಯಷ್ಟೇ ಮುಂದೆ ಹೋಗುತ್ತ, ಉಳಿದದ್ದನ್ನು ಬಿಡಿಸಿದೆವು. ನಾಗಮ್ಮ ಮರೆತ ಎರಡು ಸಾಲಿನಲ್ಲಿ ಒಂದು ಸಿಕ್ಕಿತು. ಇನ್ನೊಂದು ನಾನು ಪುಡಿ ಮಾಡಿದ ತುಂಡಿನಲ್ಲಿತ್ತು.

ನಾಗಮ್ಮನನ್ನು ಕರೆಸಿ ಹೇಳಿದೆವು. ಅಂದಾಜಿನ ಮೇಲೆ ಒಂದು ಸಾಲು ಸೇರಿಸಬಹುದು ಎಂದರು ನಮ್ಮ ಕಾಲೇಜಿನ ಕನ್ನಡ ಮೇಷ್ಟ್ರು. ಮುದುಕಿ ಒಪ್ಪಲಿಲ್ಲ. "ನಮ್ಮ ಮಾವ ಬರೀಲಾರದ್ದು ನಾ ಹ್ಯಾಂಗ ಹಾಡ್ಲಿ? ಅಲ್ಲಿ ಸುಮ್ಮನಾಗ್ತೀನಿ ಬಿಡ್ರಿ."

ಈಗ ಮಹಾನವಮಿಗೆ ಗಂಧವನ್ನು ಅಲಮಾರಿಯ ಹೊರಗಿನ ಗಾಜಿಗೆ ಹಚ್ಚುತ್ತೇನೆ. ಕೀಲಿಕೈ ಸಾವಿತ್ರಿಯ ಮೇಜಿನಲ್ಲಿದೆ. ನಾಗಮ್ಮ ಬಂದರೆ ಇವತ್ತಿಗೂ ಮೊದಲು ಕೇಳುವುದು "ಹುಡುಗಿ ಅದಾಳೇನು?" ಎಂದೇ. ಸುಳ್ಳು ಯಾಕೆ ಹೇಳಲಿ, ಇವತ್ತಿಗೂ ಸಂಕಟವಾಗುತ್ತದೆ. ಆಮೇಲೆ ಮುದುಕಿ ಹುಡುಗರ ನಡುವೆ ಕೂತು ಆ ಪದ ಹಾಡುತ್ತಾಳೆ. ಮಾವನ ಸಾಲುಗಳು ಬರುತ್ತವೆ, ಸಾವಿತ್ರಿ ಬಿಡಿಸಿಕೊಟ್ಟ ಸಾಲು ಬರುತ್ತದೆ. ಅದರ ಹಿಂದೆಯೇ ನನ್ನ ಸಾಲೂ ಬರುತ್ತದೆ. ಆಗ ನಾಗಮ್ಮ ಬಾಯಿ ಮುಚ್ಚಿ, ಬರೀ ತಾಳ ಹಾಕುತ್ತಾಳೆ.