ಹೊಲಿಗೆ ಅಕ್ಕೋರ ಅಳತೆ

ಅರವತ್ತರ ದಶಕದ ಆರಂಭದಲ್ಲಿ ಹಳಿಯಾಳದ ನಮ್ಮ ಓಣಿಗೆ ಸರಕಾರದ ಹೊಲಿಗೆ ತರಗತಿ ಬಂದಾಗ, ಕಲಿಸುವ ಅಕ್ಕೋರನ್ನು ಯಾರೂ ನಂಬಲಿಲ್ಲ. ಶಾಲೆ ಬಿಟ್ಟ ಹೆಣ್ಣುಮಕ್ಕಳಿಗೆ ಪುಕ್ಕಟೆ ಕೆಲಸ ಕಲಿಸಿ ಇವರಿಗೇನು ಲಾಭ? ಅದರ ಮೇಲೆ ಕೊರಳಲ್ಲಿ ಸದಾ ಅಳತೆಯ ಟೇಪು. ನಮ್ಮಲ್ಲಿ ಮೈ ಅಳೆಯುತ್ತಿದ್ದುದು ಸತ್ತವರಿಗೆ ಕುಣಿ ತೋಡುವಾಗ ಮಾತ್ರ.

"ಜೀವ ಇದ್ದ ಹುಡುಗಿಗೆ ಯಾಕ್ರೀ ಅಳತಿ?" ಎನ್ನುತ್ತ ಅವ್ವ ನನ್ನನ್ನು ತರಗತಿಯಿಂದ ಎಳೆದುಕೊಂಡು ಹೊರಟಳು.

ಅಕ್ಕೋರು ಟೇಪು ತೆಗೆದು ಅವ್ವನ ಕೈಗಿಟ್ಟರು. "ಮೊದಲ ನನ್ನ ಅಳೀರಿ."

ಅವ್ವ ಬಿಡುವವಳಲ್ಲ. ನೆತ್ತಿಯಿಂದ ಹಿಮ್ಮಡಿಯವರೆಗೆ ಅಳೆದೇಬಿಟ್ಟಳು. ಆಮೇಲೆ ನನ್ನನ್ನು ಮನೆಯಲ್ಲೇ ಕೂರಿಸಿಕೊಂಡು, ಆಕೆಗೆ ಏನಾಗುತ್ತದೋ ಎಂದು ಕಾದಳು.

ಮರುದಿನದಿಂದ ಅಕ್ಕೋರು ತರಗತಿಗೆ ಹೋಗುವಾಗ ನಮ್ಮ ಹೊಸ್ತಿಲ ಮುಂದೆ ನಿಂತು, ಸೆರಗು ಸರಿಮಾಡಿಕೊಂಡು ಕೂಗುತ್ತಿದ್ದರು: "ಇನ್ನೂ ಅದೀನ್ರೀ, ಅವ್ವಾರ!" ಅವ್ವ ಬಾಗಿಲ ಸಂದಿಯಿಂದ ಇಣುಕಿ, ಆಕೆಯ ಪಾದಗಳು ದೆವ್ವದಂತೆ ಹಿಂದುಮುಂದಾಗಿವೆಯೇ ಎಂದು ನೋಡುತ್ತಿದ್ದಳು.

ಅಮಾವಾಸ್ಯೆ ಕಳೆದ ಮೇಲೆ ನನ್ನನ್ನು ಕಳಿಸಿದಳು. ನಾನು ಕುಬಸ ಹೊಲಿಯಲು ಕಲಿತೆ. ಅಕ್ಕೋರಿಗೆ ಮುಂಡಗೋಡಿಗೆ ವರ್ಗವಾಯಿತು. ಅವ್ವನ ಸಂಶಯ ಮಾತ್ರ ಹೋಗಲಿಲ್ಲ. ಆ ಕಡೆಯಿಂದ ಸಂತೆಗೆ ಯಾರು ಬಂದರೂ ತಡೆದು ಕೇಳುತ್ತಿದ್ದಳು:

"ನಮ್ಮ ಹೊಲಿಗಿ ಅಕ್ಕೋರು ಇನ್ನೂ ಅದಾರೇನ್ರೀ?"